ಆ ದಿನ ಶಾಲೆಯ ಒಲೆ ಹೊತ್ತಲಿಲ್ಲ



ಮಧ್ಯಾಹ್ನ ಶಾಲೆಯಿಂದ ಬಂದ ಮಗು ಚೀಲ ಎಸೆದು, "ಅಮ್ಮಿ, ಇವತ್ತು ಶಾಲೆಯಲ್ಲಿ ಊಟ ಸರಿ ಇರಲಿಲ್ಲ, ಅಡುಗೆಯವರು ಬಂದಿಲ್ಲ" ಎಂದು ಹೇಳಿದ ದಿನ ನಿಮ್ಮ ಮನೆಯಲ್ಲೂ ಬಂದಿರಬಹುದು. ಆಗ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? "ಇವರದು ಇದೇ ಆಯಿತು, ಮತ್ತೆ ಸ್ಟ್ರೈಕು!" ಅಂಗನವಾಡಿಗೆ ಬೀಗ ಬಿದ್ದ ದಿನವೂ ಇದೇ ಮಾತು. ಚಿಕ್ಕ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಅಡುಗೆ ಮಾಡಬೇಕಾದ ತಾಯಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟು ಇಳಿದ ಮೇಲಾದರೂ ಒಂದು ಪ್ರಶ್ನೆಯನ್ನು ನಾವು ಕೇಳಿಕೊಂಡಿದ್ದೇವೆಯೇ? ದಿನವೂ ನಮ್ಮ ಮಗುವಿಗೆ ಬಡಿಸುವ ಆ ಹೆಂಗಸು ಇವತ್ತು ಎಲ್ಲಿಗೆ ಹೋದಳು? ಏನು ಕೇಳಲು ಹೋದಳು?

ಈ ಪ್ರಶ್ನೆಯನ್ನು ನಾನೂ ಬಹಳ ತಡವಾಗಿ ಕೇಳಿಕೊಂಡವಳು. ಆದ್ದರಿಂದ ಈ ತಿಂಗಳು ಬೇರೆಯವರ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದಲೇ ಮಾತು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಯಲಬುರ್ಗಾ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ನೂರಾ ನಲವತ್ತರಷ್ಟು ಮಕ್ಕಳು, ಮೂವರು ಅಡುಗೆಯವರು. ಅವರಲ್ಲಿ ಹಿರಿಯಳು ಗಂಡನನ್ನು ಕಳೆದುಕೊಂಡವಳು. ಮಕ್ಕಳೆಲ್ಲ ಆಕೆಯನ್ನು ಅಡುಗೆ ಅಮ್ಮ ಎನ್ನುತ್ತಿದ್ದರು, ನಾನು ಅಕ್ಕ ಎನ್ನುತ್ತಿದ್ದೆ. ಚಳಿಗಾಲದ ಒಂದು ಸಂಜೆ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನ ಬಳಿ ಬಂದಳು. "ಅಕ್ಕೋರ, ನಾಳಿ ನಾಡದ್ದು ನಾವು ಮೂರೂ ಮಂದಿ ಬರಂಗಿಲ್ಲರೀ. ಬೆಂಗಳೂರಿಗೆ ಹೊಂಟೀವಿ, ಸಂಘದವ್ರು ಕರದಾರ" ಎಂದಳು.

ನಾನು ಸಿಡುಕಿದೆ. "ಮಕ್ಕಳು ಉಪವಾಸ ಇರಬೇಕಾ ಅಕ್ಕ? ನಿಮಗೆ ಸ್ವಲ್ಪವಾದರೂ ಜವಾಬ್ದಾರಿ ಬೇಡವಾ?" ಎಂದುಬಿಟ್ಟೆ.

ಆಕೆ ಜಗಳವಾಡಲಿಲ್ಲ. ಸ್ವಲ್ಪ ಹೊತ್ತು ನೆಲ ನೋಡುತ್ತಾ ನಿಂತು, "ನಿಮಗ ಸಂಬಳ ಹೆಚ್ಚು ಮಾಡ್ರಿ ಅಂತ ಕೇಳಾಕ ನಿಮ್ಮ ಸಂಘ ಐತಿ. ನಾವು ಹೋಗದಿದ್ರ ನಮ್ಮದು ಯಾರು ಕೇಳ್ತಾರ್ರೀ ಅಕ್ಕೋರ?" ಎಂದು ಹೇಳಿ ಹೋದಳು.

ಮರುದಿನ ಶಾಲೆಯ ಒಲೆ ಹೊತ್ತಲಿಲ್ಲ. ಮುಖ್ಯ ಗುರುಗಳು, "ನಾವೇ ಮಾಡೋಣ" ಎಂದರು. ನಾನೂ ಇನ್ನೊಬ್ಬ ಶಿಕ್ಷಕಿಯೂ ಅಡುಗೆಮನೆಗೆ ಹೋದೆವು. ಮನೆಯಲ್ಲಿ ಹತ್ತು ಜನರಿಗೆ ಬಿರಿಯಾನಿ ಮಾಡಿ ಹೊಗಳಿಸಿಕೊಂಡವಳು ನಾನು. ನೂರಾ ನಲವತ್ತು ಮಕ್ಕಳ ಅನ್ನ ಎಂದರೆ ಏನೆಂದು ಆ ದಿನ ತಿಳಿಯಿತು. ಅಕ್ಕಿ ಆರಿಸಿ ತೊಳೆಯುವಷ್ಟರಲ್ಲೇ ಸೊಂಟ ಹಿಡಿಯಿತು. ದೊಡ್ಡ ಪಾತ್ರೆಯನ್ನು ಒಲೆಯಿಂದ ಇಳಿಸಲು ಇಬ್ಬರಿಗೂ ಆಗದೆ ಗಂಡಸರನ್ನು ಕರೆಯಬೇಕಾಯಿತು. ಅನ್ನ ಮುದ್ದೆಯಾಯಿತು, ಬೇಳೆ ತಳ ಹಿಡಿಯಿತು. ಎರಡು ತರಗತಿಗಳಲ್ಲಿ ಪಾಠವೇ ಆಗಲಿಲ್ಲ. ಮಕ್ಕಳು ಸುಮ್ಮನೆ ತಿಂದರು. ಒಂದನೇ ತರಗತಿಯ ಒಂದು ಹುಡುಗಿ ಮಾತ್ರ ತಟ್ಟೆ ಹಿಡಿದುಕೊಂಡು ಬಂದು, "ಟೀಚರ್, ಅಡುಗೆ ಅಮ್ಮ ಯಾವಾಗ ಬರ್ತಾಳ್ರೀ?" ಎಂದು ಕೇಳಿತು.

ಮೂರನೆಯ ದಿನ ಆಕೆ ಬಂದಳು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ಕಾಲು ಊದಿಕೊಂಡಿತ್ತು. ಬಂದವಳೇ ಉಗ್ರಾಣದ ಬಾಗಿಲು ತೆರೆದು ಅಕ್ಕಿ ಅಳೆಯತೊಡಗಿದಳು. ನಾನು ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಆ ಬಾಕಿ ಇನ್ನೂ ನನ್ನ ಮೇಲಿದೆ. ಈ ಬರಹವನ್ನು ಆ ಬಾಕಿಯ ಒಂದು ಕಂತು ಎಂದು ತಿಳಿಯಿರಿ.

ಈ ಊಟ ನಮ್ಮ ಊರಿಗೆ ಬಂದದ್ದು ಹೇಗೆ?

ಶಾಲೆಯ ಬಿಸಿಯೂಟ ಮೊದಲಿನಿಂದಲೂ ಇತ್ತೆಂದು ಇಂದಿನ ಚಿಕ್ಕ ತಾಯಂದಿರು ತಿಳಿದಿರಬಹುದು. ಹಾಗಲ್ಲ. ದೇಶದ ಗೋದಾಮುಗಳಲ್ಲಿ ಧಾನ್ಯ ರಾಶಿ ಬಿದ್ದಿರುವಾಗ ಜನ ಹಸಿದಿರುವುದೇಕೆ ಎಂದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ 2001ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ನ್ಯಾಯಾಲಯ ಅದೇ ವರ್ಷದ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಎಂಬ ಹೆಸರಿನಲ್ಲಿ ಅದು ಆರಂಭವಾಯಿತು. ಇಡೀ ರಾಜ್ಯದಲ್ಲಿ ಒಮ್ಮೆಲೇ ಅಲ್ಲ, ಬಡತನ ಹೆಚ್ಚಿದ್ದ ಏಳು ಜಿಲ್ಲೆಗಳಲ್ಲಿ ಮೊದಲು. ಆ ಏಳರಲ್ಲಿ ನಮ್ಮ ಕೊಪ್ಪಳವೂ ಒಂದು.

ರಾಯಚೂರಿನಿಂದ ಬೇರೆಯಾಗಿ 1997ರಲ್ಲಿ ಜಿಲ್ಲೆಯಾದಾಗ ಕೊಪ್ಪಳಕ್ಕೆ ಇದ್ದದ್ದು ನಾಲ್ಕೇ ತಾಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಇದರಲ್ಲಿ ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುತ್ತದೆ. ಭತ್ತ, ಅಕ್ಕಿ ಗಿರಣಿ, ನಾಟಿ ಕೆಲಸ ಎಲ್ಲ ಇದೆ. ಕುಷ್ಟಗಿ, ಯಲಬುರ್ಗಾ ಕಡೆ ಹೊಲ ಮಳೆಯನ್ನೇ ನೋಡಿಕೊಂಡು ಕೂರುತ್ತದೆ. ಮಳೆ ಕೈಕೊಟ್ಟರೆ ಮನೆಗೆ ಬೀಗ ಹಾಕಿ ಗುಳೆ ಹೋಗುವುದು ಅಲ್ಲಿಯ ಹಳೆಯ ಕಥೆ. ಬೆಂಗಳೂರು, ಗೋವಾ, ಮಂಗಳೂರು ಎಂದು ಅಪ್ಪ ಅಮ್ಮ ಹೊರಟಾಗ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಅಂಥ ಮಗುವಿಗೆ ಶಾಲೆಯ ಮಧ್ಯಾಹ್ನದ ಊಟ ಎಷ್ಟೋ ಸಲ ದಿನದ ಮೊದಲ ಊಟ. ಇದು ನಾನು ಪುಸ್ತಕದಲ್ಲಿ ಓದಿದ್ದಲ್ಲ. ಹತ್ತು ಗಂಟೆಯ ಪಾಠದಲ್ಲಿ ತೂಕಡಿಸುವ ಮಗು ಊಟವಾದ ಮೇಲೆ ಕಣ್ಣರಳಿಸಿ ಕೂರುವುದನ್ನು ನಾನು ದಿನವೂ ಕಂಡಿದ್ದೇನೆ.

ಈ ಊಟದ ಹಿಂದೆ ಇನ್ನೊಂದು ಒಳ್ಳೆಯ ಕೆಲಸವೂ ಇದೆ. ಅಡುಗೆಯವರ ನೇಮಕದಲ್ಲಿ ದಲಿತ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರ ಏಪ್ರಿಲ್‌ನಲ್ಲಿ ಹೇಳಿತು. ಹೀಗೆ ಊರಿನ ಬಡ ಹೆಂಗಸರಿಗೆ, ವಿಧವೆಯರಿಗೆ ಊರಿನಲ್ಲೇ ಕೆಲಸ ಸಿಕ್ಕಿತು. ಎಲ್ಲ ಜಾತಿಯ, ಎಲ್ಲ ಧರ್ಮದ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಒಂದೇ ಪಾತ್ರೆಯ ಅನ್ನ ಉಂಡರು. ನಮಾಝಿನ ಸಾಲಿನಲ್ಲಿ ಬಡವ ಬಲ್ಲಿದ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವುದನ್ನು ಕಂಡು ಬೆಳೆದ ನಮಗೆ ಈ ಸಾಲಿನ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕೆಲಸ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚಿತು. 2013ರಲ್ಲಿ ಕ್ಷೀರಭಾಗ್ಯ ಬಂತು. ಪುಡಿ ಕಲಸಿ ಹಾಲು ಕಾಯಿಸಿ ಕೊಡುವ ಕೆಲಸ ಸೇರಿತು. 2021ರ ಡಿಸೆಂಬರ್‌ನಲ್ಲಿ ಮಕ್ಕಳ ಅಪೌಷ್ಟಿಕತೆ ನೋಡಿ ಕೊಪ್ಪಳವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಮೊದಲು ಮೊಟ್ಟೆ ಕೊಡತೊಡಗಿದರು. ಅದನ್ನು ಕೆಲವರು ವಿರೋಧಿಸಿದಾಗ ಗಂಗಾವತಿಯ ಶಾಲಾ ಹುಡುಗಿಯರು ನಮಗೆ ಮೊಟ್ಟೆ ಬೇಕು ಎಂದು ಧೈರ್ಯವಾಗಿ ಹೇಳಿದ್ದು ನಿಮಗೆ ನೆನಪಿರಬಹುದು. ಆ ಮೊಟ್ಟೆ ಬೇಯಿಸಿ, ನೂರಾರು ಮೊಟ್ಟೆಗಳ ಸಿಪ್ಪೆ ಸುಲಿದು, ಎಣಿಸಿ ಬಡಿಸಿದ್ದು ಯಾರು? ಅದೇ ಕೈಗಳು.

ಗೌರವಧನ ಎಂಬ ಮಾತು

ಈಗ ಆ ಕೈಗಳಿಗೆ ಏನು ಸಿಗುತ್ತದೆ ನೋಡೋಣ. ಬಿಸಿಯೂಟದ ಅಡುಗೆಯವರಿಗೆ ಕೇಂದ್ರದ ಯೋಜನೆಯಲ್ಲಿ 2009ರಲ್ಲಿ ನಿಗದಿಯಾದ ಮೊತ್ತ ತಿಂಗಳಿಗೆ 1,000 ರೂಪಾಯಿ. ಅದೂ ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಆ ಸಾವಿರದಲ್ಲೂ ಕೇಂದ್ರದ ಪಾಲು 600, ರಾಜ್ಯದ್ದು 400. ಉಳಿದ ಹೆಚ್ಚಳವನ್ನೆಲ್ಲ ರಾಜ್ಯಗಳೇ ತಮ್ಮ ಕೈಯಿಂದ ಸೇರಿಸಬೇಕು. ನಮ್ಮ ರಾಜ್ಯದಲ್ಲಿ 2022ರಲ್ಲಿ ಒಂದು ಸಾವಿರ, 2025-26ರ ಬಜೆಟ್‌ನಲ್ಲಿ ಮತ್ತೊಂದು ಸಾವಿರ ಹೆಚ್ಚಳ ಘೋಷಣೆಯಾಯಿತು. ಎಲ್ಲ ಸೇರಿಸಿದರೂ ತಿಂಗಳಿಗೆ ಐದು ಸಾವಿರದ ಆಸುಪಾಸು. ದಿನಕ್ಕೆ ಲೆಕ್ಕ ಹಾಕಿ. ಇನ್ನೂರು ರೂಪಾಯಿಯ ಹತ್ತಿರ ಬರುತ್ತದೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯಲ್ಲಿ ಮಣ್ಣು ಹೊತ್ತವರಿಗೆ ನಿಗದಿಯಾಗಿದ್ದ ದಿನಗೂಲಿಯೇ 370 ರೂಪಾಯಿ!

ಇಷ್ಟು ಕಡಿಮೆ ಕೊಡಲು ಹೇಗೆ ಸಾಧ್ಯವಾಗುತ್ತದೆ? ಒಂದು ಶಬ್ದದಿಂದ ಸಾಧ್ಯವಾಗುತ್ತದೆ. ಇವರಿಗೆ ಕೊಡುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಕೇಳಲು ಎಷ್ಟು ಚೆಂದದ ಮಾತು! ಆದರೆ ಸಂಬಳವೆಂದರೆ ಕನಿಷ್ಠ ವೇತನ ಕೊಡಬೇಕು, ಭವಿಷ್ಯನಿಧಿ ಕಟ್ಟಬೇಕು, ನಿವೃತ್ತಿಯಾದರೆ ಕೈಗೆ ಏನಾದರೂ ಇಡಬೇಕು. ಗೌರವಧನಕ್ಕೆ ಇದಾವುದೂ ಬೇಡ. ಅಡುಗೆಯಾಕೆ, ಅಂಗನವಾಡಿ ಅಕ್ಕ, ಆಶಾ ಕಾರ್ಯಕರ್ತೆ, ಈ ಮೂವರೂ ಸರ್ಕಾರದ ಕಣ್ಣಿನಲ್ಲಿ ನೌಕರರಲ್ಲ, ಸ್ವಯಂಸೇವಕಿಯರು. ಇವರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ, ಪಿಂಚಣಿ ಕೊಡಬೇಕೆಂದು 2013ರಲ್ಲಿ ನಡೆದ 45ನೇ ಭಾರತೀಯ ಕಾರ್ಮಿಕ ಸಮ್ಮೇಳನವೇ ಶಿಫಾರಸು ಮಾಡಿತು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕುಳಿತು ಮಾತಾಡುವ ಸಭೆ ಅದು. ಆ ಶಿಫಾರಸು ಜಾರಿಯಾಗಲಿ ಎಂಬುದೇ ಇವರ ಸಂಘಗಳ ಮುಖ್ಯ ಬೇಡಿಕೆಗಳಲ್ಲೊಂದು.

ಕೇಳಿದ್ದರಿಂದ ಏನಾದರೂ ಸಿಕ್ಕಿದೆಯೇ ಎಂದರೆ, ಕೇಳಿದ್ದರಿಂದಲೇ ಸಿಕ್ಕಿದೆ. 2017ರ ಮಾರ್ಚ್‌ನಲ್ಲಿ ಸಿಐಟಿಯುಗೆ ಸೇರಿದ ಅಂಗನವಾಡಿ ನೌಕರರ ಸಂಘದ ಕರೆಗೆ ಓಗೊಟ್ಟು ರಾಜ್ಯದ ಮೂಲೆ ಮೂಲೆಯಿಂದ ಸಾವಿರಾರು ಹೆಂಗಸರು ಬೆಂಗಳೂರಿಗೆ ಹೋಗಿ ನಾಲ್ಕು ಹಗಲು ರಾತ್ರಿ ರಸ್ತೆಯಲ್ಲೇ ಕುಳಿತರು. ಎಸ್. ವರಲಕ್ಷ್ಮಿಯವರು ಆ ಹೋರಾಟದ ಮುಂದಾಳು. ಅದರ ನಂತರ ಸರ್ಕಾರ ಕಾರ್ಯಕರ್ತೆಯರ ಗೌರವಧನವನ್ನು 8,000 ರೂಪಾಯಿಗೂ ಸಹಾಯಕಿಯರದನ್ನು 4,000ಕ್ಕೂ ಏರಿಸಿತು. 2022ರ ಏಪ್ರಿಲ್ 25ರಂದು ಗುಜರಾತಿನ ಅಂಗನವಾಡಿ ಮಹಿಳೆಯರ ಮೊಕದ್ದಮೆಯಲ್ಲಿ, ಇವರೂ ಗ್ರಾಚ್ಯುಟಿಗೆ ಅರ್ಹರು ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ತೀರ್ಪು ಕಾಗದದಲ್ಲೇ ಉಳಿಯಬಾರದೆಂದು 2023ರ ಜನವರಿಯಲ್ಲಿ ನಮ್ಮ ರಾಜ್ಯದ ಅಂಗನವಾಡಿ ಮಹಿಳೆಯರು ಮತ್ತೆ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತರು. ಅದೇ ವರ್ಷ ರಾಜ್ಯ ಸರ್ಕಾರ ಅದಕ್ಕೆ ಒಪ್ಪಿತು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ನಾಲ್ಕು ದಿನ ಹಗಲಿರುಳು ಧರಣಿ ಕುಳಿತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು.

ಕರಾವಳಿಯ ನನ್ನ ಸಹೋದರಿಯರಿಗೆ ಇದು ಹೊಸ ಕಥೆಯಲ್ಲ. ನಿಮ್ಮ ತಾಯಿ, ಅಜ್ಜಿಯರು ಬೀಡಿ ಕಟ್ಟಿ ಮನೆ ನಡೆಸಿದವರು. 1966ರ ಬೀಡಿ ಕಾರ್ಮಿಕರ ಕಾನೂನು, 1976ರ ಕಲ್ಯಾಣ ನಿಧಿ, ಅದರಿಂದ ನಿಮ್ಮ ಮಕ್ಕಳಿಗೆ ಬಂದ ವಿದ್ಯಾರ್ಥಿವೇತನ ಯಾವುದೂ ತಾನಾಗಿ ಬಂದದ್ದಲ್ಲ. ಕೆಂಪು ಬಾವುಟ ಹಿಡಿದು ನಡೆದವರನ್ನು ಆಗಲೂ ಊರು ಆಡಿಕೊಂಡಿತು. ನಂತರ ಅದೇ ಊರಿನ ಮಕ್ಕಳು ಆ ವಿದ್ಯಾರ್ಥಿವೇತನದಲ್ಲಿ ಓದಿದರು.

ಇದು ಅವರ ಕೂಲಿಯ ಮಾತು ಮಾತ್ರವೇ?

"ಸರಿ, ಅವರ ಸಂಬಳ ಹೆಚ್ಚಾಗಲಿ. ಅದರಿಂದ ನಮಗೇನು?" ಎಂದು ನೀವು ಕೇಳಬಹುದು. ಇಲ್ಲಿಯೇ ನಾನು ಹೇಳಬೇಕಾದ ಮುಖ್ಯ ಮಾತು ಇದೆ. ಅಡುಗೆಯಾಕೆಯ ಬಾಯಿಗೆ ಬಲ ಇದ್ದರೆ ಮಾತ್ರ ನಮ್ಮ ಮಗುವಿನ ತಟ್ಟೆ ಸುರಕ್ಷಿತ.

2013ರ ಜುಲೈಯಲ್ಲಿ ಬಿಹಾರದ ಛಪ್ರಾ ಬಳಿಯ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತುಹೋದರು. ಎಣ್ಣೆಯಲ್ಲಿ ಕೀಟನಾಶಕ ಬೆರೆತಿತ್ತು. ಎಣ್ಣೆಯ ಬಣ್ಣ, ವಾಸನೆ ಸರಿಯಿಲ್ಲವೆಂದು ಅಡುಗೆಯಾಕೆ ಹೇಳಿದ್ದಳು, ಆದರೂ ಅದರಲ್ಲೇ ಮಾಡು ಎಂದು ಮೇಲಿನವರು ಹೇಳಿದರು ಎಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಆಕೆ ಮಾಡಿದಳು. ಆಕೆಯೂ ರುಚಿ ನೋಡಿ ಆಸ್ಪತ್ರೆ ಸೇರಿದಳು.

ಯೋಚಿಸಿ ನೋಡಿ. ಆ ಬೆಳಿಗ್ಗೆ ಸರಿಯಾದ ಮಾತು ಹೇಳಿದ್ದು ಆಕೆ. ಆದರೆ ಆಕೆಯ ಮಾತಿಗೆ ಬೆಲೆ ಇರಲಿಲ್ಲ. ನಾಳೆಯಿಂದ ಬರಬೇಡ ಎಂದರೆ ಹೋಗಬೇಕಾದವಳು ಎಷ್ಟು ಎದುರು ಮಾತಾಡಿಯಾಳು? ನನ್ನ ಬೆನ್ನ ಹಿಂದೆ ಹತ್ತು ಜನ ಇದ್ದಾರೆ, ಕಾನೂನು ಇದೆ ಎಂದು ಗೊತ್ತಿರುವ ಹೆಂಗಸು ಮಾತ್ರ, "ಈ ಎಣ್ಣೆಯಲ್ಲಿ ಮಾಡುವುದಿಲ್ಲ, ಈ ಅಕ್ಕಿಯಲ್ಲಿ ಹುಳ ಇದೆ" ಎಂದು ಸೌಟು ಕೆಳಗಿಡಬಲ್ಲಳು. ಸಂಘ ಎಂದರೆ ಆ ಹತ್ತು ಜನ.

ಎರಡನೆಯದು, ಒಲೆ ಎಲ್ಲಿ ಉರಿಯಬೇಕು ಎಂಬ ಪ್ರಶ್ನೆ. ದೊಡ್ಡ ಪಟ್ಟಣಗಳಲ್ಲಿ ಯಂತ್ರಗಳಿಂದ ಒಂದೇ ಕಡೆ ಅಡುಗೆ ಮಾಡಿ ವಾಹನಗಳಲ್ಲಿ ನೂರಾರು ಶಾಲೆಗೆ ಕಳಿಸುವ ಸಂಸ್ಥೆಗಳಿವೆ. ಅವು ಶುಚಿಯಾಗಿ, ವೇಳೆಗೆ ಸರಿಯಾಗಿ ಊಟ ಕೊಡುವುದಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಊರಿನ ಒಲೆ ಆರಿದರೆ ಊರಿನ ಮೂವರು ಹೆಂಗಸರ ಕೆಲಸ ಹೋಗುತ್ತದೆ. ಬೆಳಿಗ್ಗೆ ಬೇಯಿಸಿದ ಊಟ ದೂರ ಸಾಗಿ ಬರಬೇಕಾಗುತ್ತದೆ. ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರಬೇಕೋ ಬೇಡವೋ ಎಂಬ ಚರ್ಚೆ 2018-19ರಲ್ಲಿ ನಮ್ಮ ರಾಜ್ಯದಲ್ಲೇ ನಡೆಯಿತು. ಅಂದರೆ ಮಗು ಏನು ಉಣ್ಣಬೇಕೆಂದು ದೂರದಲ್ಲಿ ಕುಳಿತವರು ತೀರ್ಮಾನಿಸುತ್ತಾರೆ. ನಮ್ಮ ಊರಿನ ಅಡುಗೆಮನೆಯಾದರೆ ಮಗುವನ್ನು ಬಿಡಲು ಬಂದ ತಾಯಿ ಬಾಗಿಲಲ್ಲಿ ಇಣುಕಿ, "ಏನಕ್ಕ, ಇವತ್ತು ಸಾಂಬಾರಿಗೆ ಏನು ಹಾಕಿದ್ದೀ?" ಎಂದು ಕೇಳಬಹುದು. ವಾಹನದಲ್ಲಿ ಬಂದ ಮುಚ್ಚಿದ ಡಬ್ಬಿಯನ್ನು ಯಾರು ಕೇಳುವುದು? ಅಂಗನವಾಡಿಯ ಆಹಾರದಲ್ಲೂ ಗುತ್ತಿಗೆದಾರರು ಬೇಡ, ಊರಿನ ಸ್ವಸಹಾಯ ಸಂಘ, ಮಹಿಳಾ ಮಂಡಲಗಳಿಗೇ ಕೆಲಸ ಕೊಡಿ ಎಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿತ್ತು. ಬಿಸಿಯೂಟವನ್ನು ಖಾಸಗಿ ಸಂಸ್ಥೆಗಳಿಗೆ ವಹಿಸಬೇಡಿ ಎಂದು ಅಡುಗೆಯವರ ಸಂಘಗಳು ಕೇಳುವುದು ಇದಕ್ಕಾಗಿ.

ಮೂರನೆಯದು ನಮ್ಮ ಭಾಗಕ್ಕೇ ಸಂಬಂಧಿಸಿದ್ದು. 2024ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ಈ ಭಾಗದ 1,008 ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸುವ ಯೋಜನೆ ಬಂತು. ಶಿಕ್ಷಕಿಯಾಗಿ ನನಗೆ ಸಂತೋಷವೇ ಆಯಿತು. ಬಡವರ ಮಕ್ಕಳಿಗೂ ಎಲ್‌ಕೆಜಿ ಸಿಗಲಿ ಎಂದು ಯಾವ ತಾಯಿ ಬಯಸುವುದಿಲ್ಲ? ಅಂಗನವಾಡಿ ನೌಕರರು ಮಾತ್ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಇಳಿದರು. ಮೊದಲು ನನಗೂ ಇದು ಸ್ವಾರ್ಥವೆನಿಸಿತು. ನಂತರ ಅವರ ಮಾತು ಕೇಳಿದೆ. ಎಲ್‌ಕೆಜಿ ಬೇಡ ಎಂದು ಅವರು ಹೇಳಿರಲಿಲ್ಲ. ಅದನ್ನು ಅಂಗನವಾಡಿಯಲ್ಲೇ ಆರಂಭಿಸಿ, ಓದಿದ ಕಾರ್ಯಕರ್ತೆಯರಿಗೆ ತರಬೇತಿ ಕೊಡಿ ಎಂದಿದ್ದರು. ಮೂರು ದಾಟಿದ ಮಕ್ಕಳೆಲ್ಲ ಶಾಲೆಗೆ ಹೋದರೆ ಅಂಗನವಾಡಿ ಖಾಲಿಯಾಗುತ್ತದೆ. ಖಾಲಿಯಾದ ಅಂಗನವಾಡಿ ಒಂದು ದಿನ ಮುಚ್ಚುತ್ತದೆ. ಆಗ ಮೂರು ವರ್ಷದೊಳಗಿನ ಮಗುವಿನ ತೂಕ ನೋಡುವವರು ಯಾರು? ಬಸುರಿ, ಬಾಣಂತಿಗೆ ಪೌಷ್ಟಿಕ ಆಹಾರ ಕೊಡುವವರು ಯಾರು? 1975ರ ಅಕ್ಟೋಬರ್ 2ರಂದು ಆರಂಭವಾದಾಗ ದೇಶದ ಮೊದಲ 33 ಯೋಜನಾ ಪ್ರದೇಶಗಳಲ್ಲಿ ನಮ್ಮ ಟಿ. ನರಸೀಪುರವೂ ಇದ್ದ ಈ ಯೋಜನೆ ಬರೀ ಅಕ್ಷರ ಕಲಿಸುವುದಕ್ಕಲ್ಲ, ತಾಯಿ ಮಗುವಿನ ಜೀವ ಕಾಯುವುದಕ್ಕೆ ಬಂದದ್ದು. ಹೋರಾಟದ ನಂತರ ಸರ್ಕಾರವೂ ಅಂಗನವಾಡಿಗಳಲ್ಲೇ ಮಾಂಟೆಸರಿ ಆರಂಭಿಸುವ ನಿರ್ಧಾರ ಪ್ರಕಟಿಸಿತು. ಪೂರ್ತಿ ಕೇಳುವ ಮೊದಲು ಸ್ವಾರ್ಥ ಎಂದು ಷರಾ ಬರೆಯಬಾರದೆಂಬುದು ನಾನು ಕಲಿತ ಎರಡನೆಯ ಪಾಠ.

ಬೀದಿಯಲ್ಲಿ ಕೂರುವುದು ಸರಿಯೇ?

ನಮ್ಮ ಮನೆಗಳಲ್ಲಿ ಇನ್ನೊಂದು ಮಾತು ಬರುತ್ತದೆ. "ಹೆಣ್ಣುಮಕ್ಕಳು ಹೀಗೆ ಬೀದಿಯಲ್ಲಿ ಕುಳಿತು ಘೋಷಣೆ ಕೂಗುವುದು ಚೆಂದವೇ?" ಚೆಂದವಲ್ಲ, ನಿಜ. ಆದರೆ ಯಾರಿಗೆ ಚೆಂದವಲ್ಲ? ಕೂತವರಿಗೋ, ಕೂರಿಸಿದವರಿಗೋ? ಮೊದಲು ತಾಲೂಕು ಕಚೇರಿಗೆ ಮನವಿ ಕೊಡುತ್ತಾರೆ. ಕುಷ್ಟಗಿ, ಗಂಗಾವತಿ, ಯಲಬುರ್ಗಾದಿಂದ ಬಸ್ಸು ಹತ್ತಿ ಕೊಪ್ಪಳದ ಜಿಲ್ಲಾಡಳಿತ ಭವನಕ್ಕೆ ಹೋಗಿ ಮನವಿ ಕೊಡುತ್ತಾರೆ. ಎಲ್ಲ ಬಾಗಿಲು ತಟ್ಟಿದ ಮೇಲೆ ಬೆಂಗಳೂರಿನ ರಸ್ತೆ ಉಳಿಯುತ್ತದೆ.

ಮದರಸಾದಲ್ಲಿ ಸೀರತ್ ಓದುವಾಗ ನಾವೆಲ್ಲ ಹಿಲ್ಫುಲ್ ಫುಝೂಲ್ ಒಪ್ಪಂದವನ್ನು ಓದಿದ್ದೇವೆ. ಪ್ರವಾದಿತ್ವಕ್ಕಿಂತ ಮೊದಲಿನ ಮಾತು. ಯಮನ್‌ನಿಂದ ಬಂದ ಒಬ್ಬ ವ್ಯಾಪಾರಿಯ ಸರಕನ್ನು ಮಕ್ಕಾದ ಒಬ್ಬ ಪ್ರತಿಷ್ಠಿತ ಕೊಂಡು ಹಣ ಕೊಡಲಿಲ್ಲ. ಪರದೇಶಿಗೆ ಯಾರ ಬೆಂಬಲವಿದೆ? ಆತ ಅಬೂ ಕುಬೈಸ್ ಬೆಟ್ಟ ಹತ್ತಿ ಎಲ್ಲರಿಗೂ ಕೇಳುವಂತೆ ತನ್ನ ಅನ್ಯಾಯವನ್ನು ಕೂಗಿ ಹೇಳಿದ. ಆಗ ಕೆಲವು ಗೋತ್ರಗಳ ಒಳ್ಳೆಯ ಜನ ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಮಕ್ಕಾದಲ್ಲಿ ಯಾರಿಗೆ ಅನ್ಯಾಯವಾದರೂ ಅವರ ಹಕ್ಕು ಸಿಗುವವರೆಗೆ ಒಟ್ಟಾಗಿ ನಿಲ್ಲುತ್ತೇವೆಂದು ಆಣೆ ಮಾಡಿದರು. ಯುವಕ ಮುಹಮ್ಮದರು(ಸ) ಅಲ್ಲಿ ಇದ್ದರು. ಪ್ರವಾದಿಯಾದ ಮೇಲೂ ಆ ಒಪ್ಪಂದವನ್ನು ಮೆಚ್ಚಿ ನೆನೆದು, ಅಂಥದಕ್ಕೆ ಇಂದು ಕರೆದರೂ ತಾನು ಹೋಗುವೆನೆಂಬ ಅರ್ಥದ ಮಾತು ಹೇಳಿದರು.

ಬೆಟ್ಟ ಹತ್ತಿ ಕೂಗಿದವನನ್ನು ಯಾರೂ ಗಲಾಟೆ ಮಾಡುವವನು ಎನ್ನಲಿಲ್ಲ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಕಲಿತ ನಾವು, ತಿಂಗಳುಗಟ್ಟಲೆ ಗೌರವಧನ ಬಾರದೆ ಕೂಗುವ ಹೆಂಗಸನ್ನು ಹಾಗೆನ್ನಬಹುದೇ?

ಇದರರ್ಥ ಸಂಘದವರು ಮಾಡಿದ್ದೆಲ್ಲ ಸರಿ ಎಂದಲ್ಲ. ಅಡುಗೆಯಲ್ಲಿ ಅಸಡ್ಡೆ ಮಾಡಿದವರನ್ನು, ಅಂಗನವಾಡಿಯ ಸಾಮಾನು ಮನೆಗೆ ಒಯ್ದವರನ್ನು ಸಂಘ ಕಾಪಾಡಬಾರದು. ಮುಷ್ಕರದ ದಿನವನ್ನು ಮೊದಲೇ ಪಾಲಕರಿಗೆ ತಿಳಿಸಬೇಕು. ಮಗುವಿನ ಹಸಿವು ಯಾರ ಕೈಯ ಆಯುಧವೂ ಆಗಬಾರದು. ಆದರೆ ಈ ಮಾತು ಹೇಳುವ ಅಧಿಕಾರ ನಮಗೆ ಬರುವುದು ಅವರ ಕಷ್ಟವನ್ನು ಕೇಳಿದ ಮೇಲೆಯೇ.

ನಾವು ಮಾಡಬಹುದಾದದ್ದು

ಹಾಗಾದರೆ ಮನೆಯಲ್ಲಿರುವ ನಾವೇನು ಮಾಡಬಹುದು? ದೊಡ್ಡ ಕೆಲಸಗಳೇನೂ ಬೇಡ. ಮುಂದಿನ ಸಲ ಅಂಗನವಾಡಿ ಅಕ್ಕ ಕರಪತ್ರ ಕೊಟ್ಟರೆ ಮಡಚಿ ಎಸೆಯದೆ ಓದಿ. ಶಾಲಾಭಿವೃದ್ಧಿ ಸಮಿತಿಯಲ್ಲಿ ಪಾಲಕರಿಗೆ, ಅದರಲ್ಲೂ ತಾಯಂದಿರಿಗೆ ಸ್ಥಾನವಿದೆ. ಅಂಗನವಾಡಿಗೆ ಬಾಲವಿಕಾಸ ಸಮಿತಿ ಇದೆ. ಕರೆದಾಗ "ನಮಗೇಕೆ" ಎನ್ನದೆ ಹೋಗಿ ಕುಳಿತುಕೊಳ್ಳಿ. ಉಗ್ರಾಣ ನೋಡಿ, ಅಕ್ಕಿ ನೋಡಿ, ಅಡುಗೆಯವರಿಗೆ ಹಣ ಬಂದಿದೆಯೇ ಎಂದೂ ಕೇಳಿ. ಮಗುವಿಗೆ, "ಅಡುಗೆ ಅಮ್ಮನಿಗೆ ಸಲಾಂ ಹೇಳು, ನಮಸ್ಕಾರ ಹೇಳು" ಎಂದು ಕಲಿಸಿ. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೆ ಒಂದನೇ ತಾರೀಕಿಗೇ ಸಂಬಳ ಕೊಡಿ, ಹಬ್ಬದ ದಿನ ರಜೆ ಕೊಡಿ. ಸರ್ಕಾರಕ್ಕೆ ನ್ಯಾಯ ಹೇಳುವ ಮೊದಲು ನಮ್ಮ ಅಂಗಳ ಗುಡಿಸಿಕೊಳ್ಳೋಣ.

ನಮ್ಮ ಹೆಣ್ಣುಮಕ್ಕಳಲ್ಲೂ ಅಂಗನವಾಡಿಯಲ್ಲಿ, ಆಶಾದಲ್ಲಿ, ಬಿಸಿಯೂಟದಲ್ಲಿ ದುಡಿಯುವವರಿದ್ದಾರೆ. ಸಂಘದ ಸಭೆಗೆ ಹೋಗುತ್ತೇನೆಂದರೆ ಮನೆಯವರು ಮುಖ ಗಂಟಿಕ್ಕುತ್ತಾರೆ. ಅಂಥ ಮನೆಯ ಅತ್ತೆಯಂದಿರಿಗೆ ನನ್ನದೊಂದು ವಿನಂತಿ. ಆ ದಿನ ಸೊಸೆಯ ಮಗುವನ್ನು ನೀವು ನೋಡಿಕೊಳ್ಳಿ. ಆಕೆ ಕೇಳಿ ತರುವುದು ನಿಮ್ಮ ಮನೆಗೂ ಬರುತ್ತದೆ.

ಆ ಶಾಲೆ ಬಿಟ್ಟು ನಾನು ಈಗ ಬೇರೆ ಊರಿನಲ್ಲಿದ್ದೇನೆ. ಆ ಅಕ್ಕನಿಗೆ ಅರವತ್ತು ತುಂಬಿ ಕೆಲಸದಿಂದ ಬಿಡಿಸಿದರೆಂದು ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದರು. ಹದಿನೈದು ವರ್ಷಕ್ಕೂ ಮೀರಿ ಸಾವಿರಾರು ಮಕ್ಕಳಿಗೆ ಉಣಿಸಿದ ಕೈ ಬರಿಗೈಯಲ್ಲಿ ಮನೆಗೆ ಹೋಯಿತು. ನಿವೃತ್ತರಾಗುವ ಅಡುಗೆಯವರಿಗೆ ಇಡಿಗಂಟು ಕೊಡಿ ಎಂಬುದು ಆಕೆ ಅಂದು ಬೆಂಗಳೂರಿಗೆ ಹೋಗಿ ಕೂಗಿದ ಬೇಡಿಕೆಗಳಲ್ಲಿ ಒಂದಾಗಿತ್ತಂತೆ. ಆ ದಿನ ನಾನು ಕೇಳಿದ್ದರೆ ಹೇಳುತ್ತಿದ್ದಳು. ನಾನು ಕೇಳಲಿಲ್ಲ, ಬೈದೆ.

ಈ ರಜೆಯಲ್ಲಿ ಆ ಹಳ್ಳಿಗೆ ಹೋಗಿ ಆಕೆಯ ಕೈ ಹಿಡಿದು ಕ್ಷಮೆ ಕೇಳಬೇಕೆಂದಿದ್ದೇನೆ, ಇನ್‌ಶಾ ಅಲ್ಲಾಹ್. ನೀವು ಅಷ್ಟು ದೂರ ಹೋಗಬೇಕಾಗಿಲ್ಲ. ನಾಳೆ ಬೆಳಿಗ್ಗೆ ಮಗುವನ್ನು ಬಿಡಲು ಹೋದಾಗ ಅಡುಗೆಮನೆಯ ಬಾಗಿಲಲ್ಲಿ ಎರಡು ನಿಮಿಷ ನಿಂತು, "ಅಕ್ಕ, ಈ ತಿಂಗಳ ಹಣ ಬಂತಾ?" ಎಂದು ಕೇಳಿ ನೋಡಿ.

ದುಡಿದವರ ಹಕ್ಕನ್ನು ಗುರುತಿಸುವ ಕಣ್ಣನ್ನು, ಅದನ್ನು ಹೇಳುವ ಬಾಯನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.